ಮುಂದಿನ ಟೈರು ಒಂದು ಬಗೆ, ಹಿಂದಿನದು ಇನ್ನೊಂದು ಬಗೆ

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣ 2006ರ ಪೋರ್ಷೆ 911 ಕರೇರಾ ಎಸ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಾನೆ. ಮುಂದಿನ ಎರಡೂ ಒಳ್ಳೆಯ ಸ್ಪೋರ್ಟ್ಸ್ ಟೈರುಗಳು, ಅರ್ಧ ಸವೆದಿವೆ. ಹಿಂದಿನ ಎರಡಕ್ಕೆ ಹಳೆಯ ಮಾಲೀಕರು ಬೇರೆ ಕಂಪನಿಯ ಕಡಿಮೆ ಬೆಲೆಯ ಹೊಸ ಟೈರು ಹಾಕಿಸಿದ್ದರಂತೆ. ಅಳತೆ ಸರಿಯಾಗಿದೆ, ಎರಡು ವರ್ಷಕ್ಕೊಮ್ಮೆ ಆಗುವ ಕಡ್ಡಾಯ ತಪಾಸಣೆಯಲ್ಲೂ ಪಾಸಾಗಿದೆ. ಊರೊಳಗೆ ಏನೂ ತೊಂದರೆಯಿಲ್ಲ. ಆಟೊಬಾನ್‌ನಲ್ಲಿ ಜೋರಾಗಿ ಹೋಗುವಾಗ ಲೇನ್ ಬದಲಿಸಿದರೆ ಮಾತ್ರ ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಹೊರಟಂತೆ ಅನ್ನಿಸುತ್ತದೆ ಅನ್ನುತ್ತಾನೆ. ಟೈರುಗಳೆಲ್ಲ ಚೆನ್ನಾಗಿಯೇ ಇದ್ದರೂ ಹೀಗಾಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಕಾರಣ ಹೇಳುವ ಮೊದಲು ಒಂದು ಮಾತು. ಟೈರು ಬದಲಿಸುವವರೆಗೆ ಆ ಕಾರನ್ನು ವೇಗವಾಗಿ ಓಡಿಸಬೇಡಿ ಎಂದು ಇವತ್ತೇ ನಿಮ್ಮ ಅಣ್ಣನವರಿಗೆ ಫೋನ್ ಮಾಡಿ ಹೇಳಿ. ಅವರಿಗೆ ಅನ್ನಿಸಿದ್ದು ಭ್ರಮೆಯಲ್ಲ.

ನಾಲ್ಕು ಟೈರುಗಳೂ ಬಿಡಿಬಿಡಿಯಾಗಿ ಚೆನ್ನಾಗಿರಬಹುದು. ಆದರೆ ಕಾರು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನು ನಿರ್ಧರಿಸುವುದು ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಇರುವ ವ್ಯತ್ಯಾಸ. ತಿರುವಿನಲ್ಲಿ ಯಾವ ಟೈರೂ ತಾನು ಮುಖ ಮಾಡಿದ ದಿಕ್ಕಿಗೇ ನೇರವಾಗಿ ಉರುಳುವುದಿಲ್ಲ. ನೆಲಕ್ಕೆ ತಗುಲಿದ ಅಂಗೈಯಗಲದ ರಬ್ಬರು ಪಕ್ಕಕ್ಕೆ ಎಳೆಸಿಕೊಂಡು ತಿರುಚಿಕೊಳ್ಳುತ್ತದೆ. ಹಾಗಾಗಿ ಚಕ್ರ ನೋಡುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿ ಅಂತರ ಬೀಳುತ್ತದೆ. ಇದಕ್ಕೆ ಜಾರುಕೋನ ಎನ್ನೋಣ. ಹೆಸರು ಹೀಗಿದ್ದರೂ ಟೈರು ಇನ್ನೂ ಜಾರಿರುವುದಿಲ್ಲ. ಕಾರನ್ನು ತಿರುಗಿಸುವ ಬಲ ಹುಟ್ಟುವುದೇ ಈ ಕೋನದಿಂದ. ಬಿಗಿಯಾದ ಸ್ಪೋರ್ಟ್ಸ್ ಟೈರು ಕಡಿಮೆ ಕೋನದಲ್ಲೇ ಬೇಕಾದ ಬಲ ಕೊಡುತ್ತದೆ. ಮೆತ್ತನೆಯ ಟೈರಿಗೆ ಅಷ್ಟೇ ಬಲ ಕೊಡಲು ಹೆಚ್ಚು ಕೋನ ಬೇಕು.

ಮುಂದಿನ ಟೈರುಗಳ ಜಾರುಕೋನ ಹಿಂದಿನವಕ್ಕಿಂತ ಹೆಚ್ಚಿದ್ದರೆ ಕಾರು ಸ್ಟೇರಿಂಗ್ ಕೇಳಿದ್ದಕ್ಕಿಂತ ತುಸು ಕಡಿಮೆ ತಿರುಗುತ್ತದೆ. ಇದು ಅಂಡರ್‌ಸ್ಟಿಯರ್. ಚಾಲಕನಿಗೆ ಗೊತ್ತಾಗುತ್ತದೆ, ವೇಗ ತಗ್ಗಿಸಿದರೆ ಸರಿಹೋಗುತ್ತದೆ. ರಸ್ತೆಗಿಳಿಯುವ ಬಹುತೇಕ ಎಲ್ಲ ಕಾರುಗಳನ್ನೂ ತುಸು ಈ ಕಡೆಗೆ ವಾಲುವಂತೆಯೇ ಕಟ್ಟಿರುತ್ತಾರೆ. ಹಿಂದಿನ ಟೈರುಗಳ ಕೋನ ಹೆಚ್ಚಾದರೆ ಆಗುವುದು ಓವರ್‌ಸ್ಟಿಯರ್. ಕೇಳಿದ್ದಕ್ಕಿಂತ ಹೆಚ್ಚು ತಿರುಗಿದ ಕಾರಿನ ಹಿಂಭಾಗ ಹೊರಕ್ಕೆ ಹೋಗುತ್ತದೆ. ಅದರಿಂದ ತಿರುವು ಇನ್ನೂ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಹಿಂಭಾಗ ಮತ್ತೆ ಹೊರಕ್ಕೆ ಹೋಗುತ್ತದೆ. ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸ್ಥಿತಿ ಅದು.

ನಿಮ್ಮ ಅಣ್ಣನವರ ಕಾರಿನಲ್ಲಿ ಸ್ಪೋರ್ಟ್ಸ್ ಟೈರು ಮುಂದಿವೆ, ಮೆತ್ತನೆಯವು ಹಿಂದಿವೆ. ಅದಲುಬದಲಾಗಿದ್ದರೆ ಕಾರು ಬರಿಯ ಮಂದವಾಗುತ್ತಿತ್ತು. ಈಗಿರುವ ಜೋಡಣೆ ಅಪಾಯದ ಕಡೆಗಿದೆ. ಅದೂ 911ರಲ್ಲಿ.

911ರ ಎಂಜಿನ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ನಿಂತ ಕಾರಿನ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು, ಕೆಲವು ಮಾದರಿಗಳಲ್ಲಿ ಅದಕ್ಕೂ ಸ್ವಲ್ಪ ಹೆಚ್ಚು, ಹಿಂದಿನ ಎರಡು ಟೈರುಗಳ ಮೇಲೆಯೇ ಕೂತಿರುತ್ತದೆ. ತಿರುವಿನಲ್ಲಿ ಹೊರಕ್ಕೆ ಎಳೆಯುವುದೂ ಆ ತೂಕವೇ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿಗೆ ಆರಂಭದಲ್ಲಿ ಹಿಂದೆಮುಂದೆ ಒಂದೇ ಅಳತೆಯ, 165 ಮಿಲಿಮೀಟರ್ ಅಗಲದ ಟೈರುಗಳಿದ್ದವು. ಹಿಂಭಾಗ ಚಂಚಲವಾಗಿತ್ತು. ಅದನ್ನು ಹದಕ್ಕೆ ತರಲು ಕಂಪನಿ ಒಂದು ಹಂತದಲ್ಲಿ ಮುಂದಿನ ಬಂಪರಿನ ಎರಡು ತುದಿಗಳಲ್ಲಿ ತಲಾ 11 ಕಿಲೊ ಲೋಹದ ತೂಕ ಇಟ್ಟಿತು! 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. 1973ರ ಕರೇರಾ ಆರ್‌ಎಸ್ 2.7ರಲ್ಲಿ ಮುಂದೆ 185, ಹಿಂದೆ 215 ಮಿಲಿಮೀಟರಿನ ಟೈರುಗಳು ಬಂದವು. ಮುಂದಿನ ದಶಕಗಳಲ್ಲಿ ಒಟ್ಟಾರೆ ಈ ಅಂತರ ಬೆಳೆಯಿತು. ನಿಮ್ಮ ಅಣ್ಣನವರ ಕರೇರಾ ಎಸ್‌ನಲ್ಲಿ ಮುಂದೆ 235, ಹಿಂದೆ 295. ನೋಡಲು ಚೆಂದವೆಂದು ಅಷ್ಟು ಅಗಲ ಮಾಡಿದ್ದಲ್ಲ. ಹಿಂದಿನ ಭಾರವನ್ನು ಹೊತ್ತೂ ಹಿಂದಿನ ಜಾರುಕೋನ ಮುಂದಿನದಕ್ಕಿಂತ ಕಡಿಮೆಯೇ ಇರಬೇಕು ಎನ್ನುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಅಗ್ಗದ ಮೆತ್ತನೆಯ ಟೈರು ಹಾಕಿದಾಗ ಈ ದಶಕಗಳ ಕೆಲಸದಲ್ಲಿ ಒಂದು ಪಾಲನ್ನು ತೆಗೆದುಹಾಕಿದಂತಾಯಿತು. ಎಂಜಿನ್ ನಡುವಿನಲ್ಲಿರುವ ಕಾರುಗಳಿಗೂ ಇದೇ ಮಾತು. ಟೊಯೊಟಾದ ಎರಡನೇ ತಲೆಮಾರಿನ ಎಂಆರ್2 ಹಿಂಭಾಗವನ್ನು ಥಟ್ಟನೆ ಬಿಟ್ಟುಕೊಡುತ್ತದೆ ಎಂಬ ದೂರು ಬಂದಾಗ ಕಂಪನಿ ಸಸ್ಪೆನ್ಷನ್ ಜೊತೆಗೆ ಟೈರನ್ನೂ ಬದಲಿಸಿತು. ಮುಂದಿನ ಅಗಲ 195ರಲ್ಲೇ ಉಳಿಯಿತು, ಹಿಂದಿನದು 205ರಿಂದ 225ಕ್ಕೆ ಏರಿತು.

ಊರೊಳಗೆ ತೊಂದರೆಯಿಲ್ಲ, ಆಟೊಬಾನ್‌ನಲ್ಲಿ ಮಾತ್ರ ಏಕೆ? ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ಓವರ್‌ಸ್ಟಿಯರ್ ಸ್ವಭಾವಕ್ಕೆ ತಿರುಗಿದ ಪ್ರತಿ ಕಾರಿಗೂ ಒಂದು ನಿರ್ಣಾಯಕ ವೇಗವಿರುತ್ತದೆ. ಅದರ ಕೆಳಗೆ ಕಾರು ಚುರುಕಾಗಿದೆ ಅನ್ನಿಸುತ್ತದೆಯೇ ಹೊರತು ಕೈತಪ್ಪುವುದಿಲ್ಲ. ಅದನ್ನು ದಾಟಿದ ಮೇಲೆ ಸ್ಟೇರಿಂಗನ್ನು ಸುಮ್ಮನೆ ಹಿಡಿದುಕೊಂಡಿದ್ದರೂ ಸಣ್ಣದೊಂದು ಅಲುಗಾಟ ತಾನಾಗಿ ದೊಡ್ಡದಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಈ ಕಾರಿನ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 2.35 ಮೀಟರ್ ದೂರವಿದೆ. ಕಾರಿನ ತೂಕಕ್ಕೆ ಸಮನಾದ ಬಲದಿಂದ ತಿರುಗುವಾಗ ಹಿಂದಿನ ಜಾರುಕೋನ ಮುಂದಿನದಕ್ಕಿಂತ ಅರ್ಧ ಡಿಗ್ರಿ ಹೆಚ್ಚಾಗುವ ಮಟ್ಟಕ್ಕೆ ಸಮತೋಲ ಕೆಟ್ಟಿದೆ ಎಂದುಕೊಳ್ಳಿ. ನಿರ್ಣಾಯಕ ವೇಗ ಗಂಟೆಗೆ ಸುಮಾರು 185 ಕಿ.ಮೀ. ಬರುತ್ತದೆ. ಒಂದು ಡಿಗ್ರಿ ಹೆಚ್ಚಾದರೆ ಅದು ಸುಮಾರು 130ಕ್ಕೆ ಇಳಿಯುತ್ತದೆ. ಆಟೊಬಾನ್‌ನಲ್ಲಿ ಕಾರುಗಳಿಗೆ ಶಿಫಾರಸು ಮಾಡಿರುವ ವೇಗವೂ 130. ಒಂದು ಡಿಗ್ರಿ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಊರೊಳಗಿನ 50 ಕಿ.ಮೀ.ಗೂ ಹೆದ್ದಾರಿಯ 150 ಕಿ.ಮೀ.ಗೂ ನಡುವೆ ಅದೇ ಕಾರು ಬೇರೆಯೇ ಕಾರಾಗಲು ಅಷ್ಟು ಸಾಕು.

ಅಳತೆ ಒಂದೇ ಇರುವಾಗ ಟೈರು ಹೇಗೆ ಬೇರೆಯಾದೀತು ಎಂದು ನೀವು ಕೇಳಬಹುದು. ಪಕ್ಕದಲ್ಲಿ ಅಚ್ಚಾದ 295/30 ಎಂಬ ಅಂಕಿ ಅಗಲವನ್ನೂ ಎತ್ತರದ ಪ್ರಮಾಣವನ್ನೂ ಹೇಳುತ್ತದೆ, ಅಷ್ಟೇ. ಸೈಡ್‌ವಾಲ್ ಎಷ್ಟು ಬಿಗಿ, ಒಳಗಿನ ಉಕ್ಕಿನ ಬೆಲ್ಟನ್ನು ಯಾವ ಕೋನದಲ್ಲಿ ಹೆಣೆದಿದ್ದಾರೆ, ರಬ್ಬರಿನ ಪಾಕ ಎಂಥದ್ದು, ಟ್ರೆಡ್ಡಿನ ತುಂಡುಗಳು ದೊಡ್ಡವೋ ಚಿಕ್ಕವೋ ಎನ್ನುವುದೊಂದೂ ಅದರಲ್ಲಿಲ್ಲ. ಯುರೋಪಿನಲ್ಲಿ ಟೈರಿಗೆ ಅಂಟಿಸುವ ಲೇಬಲ್ ಕೂಡ ಒದ್ದೆ ರಸ್ತೆಯ ಬ್ರೇಕಿಂಗ್, ಉರುಳುವ ಪ್ರತಿರೋಧ ಮತ್ತು ಸದ್ದನ್ನು ಹೇಳುತ್ತದೆಯೇ ಹೊರತು ತಿರುವಿನ ಬಗ್ಗೆ ಏನೂ ಹೇಳುವುದಿಲ್ಲ. ಹೊಸತನವೂ ಲೆಕ್ಕಕ್ಕೆ ಬರುತ್ತದೆ. ಹೊಸ ಟೈರಿನ ಟ್ರೆಡ್ ಸುಮಾರು 8 ಮಿಲಿಮೀಟರ್ ಎತ್ತರವಿರುತ್ತದೆ. ಆ ಎತ್ತರದ ರಬ್ಬರು ತುಂಡುಗಳು ಪಕ್ಕದ ಒತ್ತಡಕ್ಕೆ ಬಾಗುತ್ತವೆ. ಸವೆದ ಟೈರಿನಲ್ಲಿ ತುಂಡು ಗಿಡ್ಡ, ಬಾಗುವುದು ಕಡಿಮೆ. ಒಣ ರಸ್ತೆಯಲ್ಲಿ ಅರ್ಧ ಸವೆದ ಸ್ಪೋರ್ಟ್ಸ್ ಟೈರು ಹೊಸದಕ್ಕಿಂತ ಚುರುಕಾಗಿ ಸ್ಪಂದಿಸುವುದು ಇದೇ ಕಾರಣಕ್ಕೆ. ಅಂದರೆ ಇಲ್ಲಿ ಕಂಪನಿಯ ವ್ಯತ್ಯಾಸ, ಸವೆತದ ವ್ಯತ್ಯಾಸ ಎರಡೂ ಸೇರಿ ಹಿಂಭಾಗವನ್ನು ಒಂದೇ ಕಡೆಗೆ ತಳ್ಳುತ್ತಿವೆ.

ಮಳೆಯಲ್ಲಿ ಕಥೆ ತಲೆಕೆಳಗಾಗುತ್ತದೆ. ನಿಂತ ನೀರನ್ನು ಹೊರಹಾಕುವುದು ಟ್ರೆಡ್ಡಿನ ಆಳವಾದ ಕಾಲುವೆಗಳು. ಅವು ಪೂರ್ತಿ ಸವೆದ ಟೈರಿನಲ್ಲಿ ಗಾಳಿ 33 ಪಿಎಸ್‌ಐ ಇದ್ದರೆ, ಸಾಕಷ್ಟು ನೀರಿನ ಮೇಲೆ ಗಂಟೆಗೆ ಸುಮಾರು 95 ಕಿ.ಮೀ. ವೇಗದಲ್ಲೇ ಅದು ನೆಲ ಬಿಟ್ಟು ತೇಲುತ್ತದೆ. ನಿಮ್ಮ ಅಣ್ಣನವರ ಕಾರಿನಲ್ಲಿ ಕಡಿಮೆ ಟ್ರೆಡ್ ಇರುವುದು ಮುಂದೆ. ಹಾಗಾಗಿ ಜೋರು ಮಳೆಯಲ್ಲಿ ಮೊದಲು ತೇಲುವುದು ಮುಂದಿನವೇ ಆಗುವ ಸಂಭವ ಹೆಚ್ಚು. ಸ್ಟೇರಿಂಗ್ ಹಗುರಾಗಿ ಕಾರು ನೇರಕ್ಕೆ ಹೋಗುತ್ತದೆ. ಆಗ ಗಾಬರಿಯಿಂದ ಸ್ಟೇರಿಂಗನ್ನು ಇನ್ನಷ್ಟು ತಿರುಗಿಸಬಾರದು. ನೀರು ಮುಗಿದು ಮುಂದಿನ ಚಕ್ರ ನೆಲ ಕಚ್ಚಿದ ಕ್ಷಣ ತಿರುಗಿಸಿದ್ದೆಲ್ಲ ಒಮ್ಮೆಗೇ ಕೆಲಸ ಮಾಡುತ್ತದೆ, ಹಿಂದಿನ ದುರ್ಬಲ ಜೋಡಿ ಆ ಏಟನ್ನು ತಾಳಲಾರದು. ಒಂದೇ ಕಾರು ಒಣ ರಸ್ತೆಯಲ್ಲಿ ಒಂದು ರೀತಿ, ಮಳೆಯಲ್ಲಿ ಅದಕ್ಕೆ ವಿರುದ್ಧ ರೀತಿ ನಡೆದುಕೊಂಡರೆ ಎಷ್ಟೇ ನುರಿತ ಚಾಲಕನಿಗೂ ಕೈ ಕೂರುವುದಿಲ್ಲ. ಬೆರಕೆ ಟೈರಿನ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ಒಂದೇ ಆಕ್ಸಲ್‌ನ ಎಡಬಲದಲ್ಲಿ ಬೇರೆ ಬೇರೆ ಟೈರು ಹಾಕುವುದಂತೂ ಇನ್ನೂ ಕೆಟ್ಟದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಎಡ ತಿರುವಿನಲ್ಲಿ ಇದ್ದ ಹಿಡಿತ ಬಲ ತಿರುವಿನಲ್ಲಿ ಇರುವುದಿಲ್ಲ.

ಕಾರಿನಲ್ಲಿ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಇದೆಯಲ್ಲ ಎಂದು ಅಣ್ಣನವರು ಹೇಳಬಹುದು. ಇದೆ, ಅನೇಕ ಸಲ ಅದು ಕಾಪಾಡುತ್ತದೆ ಕೂಡ. ಸ್ಟೇರಿಂಗ್ ಎಷ್ಟು ತಿರುಗಿದೆ, ಆ ವೇಗಕ್ಕೆ ಕಾರು ಎಷ್ಟು ತಿರುಗಬೇಕಿತ್ತು, ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಹೋಲಿಸಿ, ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುವುದು ಅದರ ಕೆಲಸ. ‘ಎಷ್ಟು ತಿರುಗಬೇಕಿತ್ತು’ ಎಂಬ ಆ ಲೆಕ್ಕ ಕಂಪನಿ ಒಪ್ಪಿದ ಟೈರುಗಳನ್ನು ನಂಬಿ ಬರೆದದ್ದು. ಆ ಬ್ರೇಕು ಹಿಡಿಯಬೇಕಾದದ್ದೂ ಇದೇ ಟೈರುಗಳ ಮೂಲಕ. ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಹುಟ್ಟಿಸಲಾರದು.

ತಪಾಸಣೆಯಲ್ಲಿ ಪಾಸಾದದ್ದರಲ್ಲಿ ಆಶ್ಚರ್ಯವಿಲ್ಲ. ಜರ್ಮನಿಯ ಕಾನೂನು ರೇಡಿಯಲ್ ಮತ್ತು ಹಳೆಯ ಡಯಾಗನಲ್ ಟೈರುಗಳನ್ನು ಒಂದೇ ಕಾರಿಗೆ ಬೆರೆಸಲು ಬಿಡುವುದಿಲ್ಲ, ಟ್ರೆಡ್ ಕನಿಷ್ಠ 1.6 ಮಿಲಿಮೀಟರ್ ಇರಲೇಬೇಕು ಎನ್ನುತ್ತದೆ. ಕಂಪನಿ ಬೇರೆಯಾಗಬಾರದು ಎಂದು ಹೇಳುವುದಿಲ್ಲ. ಕಾನೂನು ಒಪ್ಪುವ ಮಟ್ಟಕ್ಕೂ ಇಂಥ ಕಾರು ಬೇಡುವ ಮಟ್ಟಕ್ಕೂ ತುಂಬ ದೂರವಿದೆ.

ಇನ್ನು ಮಾಡಬೇಕಾದ್ದು. ಪೋರ್ಷೆ ತನ್ನ ಕಾರುಗಳಲ್ಲಿ ಪರೀಕ್ಷಿಸಿ ಒಪ್ಪಿದ ಟೈರಿನ ಪಕ್ಕದಲ್ಲಿ ಎನ್0, ಎನ್1 ಎಂಬಂಥ ಗುರುತು ಇರುತ್ತದೆ. ನಾಲ್ಕಕ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಎನ್ ಸಂಖ್ಯೆ ಇರಬೇಕು. ಮುಂದಿನ ಜೋಡಿಗೆ ಆ ಗುರುತಿದ್ದು ಅದೇ ಮಾದರಿ ಇನ್ನೂ ಸಿಗುತ್ತಿದ್ದರೆ ಹಿಂದಿನ ಎರಡನ್ನು ಮಾತ್ರ ಬದಲಿಸಿದರೆ ಸಾಕು. ಸಿಗದಿದ್ದರೆ ನಾಲ್ಕನ್ನೂ ಬದಲಿಸಬೇಕು, ಖರ್ಚು ದೊಡ್ಡದೇ. ಕೊಳ್ಳುವ ಮೊದಲು ಮುಂದಿನ ಟೈರುಗಳ ವಯಸ್ಸನ್ನೂ ನೋಡಲಿ. ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಬ್ಬಕ್ಕೊಮ್ಮೆ ಹೊರಬರುವ ಇಂಥ ಕಾರುಗಳಲ್ಲಿ ಟ್ರೆಡ್ ತುಂಬಿರುತ್ತದೆ, ರಬ್ಬರು ಮಾತ್ರ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಚಳಿಗಾಲದ ಟೈರನ್ನೂ ಎರಡೇ ಕೊಂಡು ಉಳಿತಾಯ ಮಾಡುವ ಯೋಚನೆ ಬೇಡ. ಬೇಸಿಗೆಯ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುವುದರಿಂದ ಬೆರಕೆಯ ಅಂತರ ಆಗ ಮತ್ತೂ ಹಿಗ್ಗುತ್ತದೆ. ಹೊಸ ಜೋಡಿ ಹಾಕಿಸಿದ ಮೇಲೆ ಗಾಳಿಯ ಒತ್ತಡವನ್ನು ಕೈಪಿಡಿಯಲ್ಲಿರುವಂತೆ ಹಿಂದೆ ಮುಂದೆ ಬೇರೆ ಬೇರೆಯಾಗಿ ತುಂಬಿಸಿ, ಮೊದಲ ಇನ್ನೂರು ಕಿಲೊಮೀಟರ್ ನಿಧಾನವಾಗಿ ಓಡಿಸಲಿ. ಹೊಸ ಟೈರಿನ ಮೇಲ್ಪದರ ಅಷ್ಟು ಸವೆದ ನಂತರವೇ ಪೂರ್ತಿ ಹಿಡಿತ ಬರುವುದು.