ಕೊಂಡಿ ಹಿಡಿದು ಓದು: ಪಿಸಿಎಂಬಿ ತಗೊಂಡ ಮೊಮ್ಮಗಳಿಗೆ ಕಿವಿಮಾತು

ಪ್ರಥಮ ಪಿಯುಸಿಯಲ್ಲಿ ಜೈವಿಕ ಅಣುಗಳ ಪಾಠ ಶುರುವಾಯಿತೆಂದರೆ ಮಕ್ಕಳ ಮುಖ ಸಪ್ಪಗಾಗುವುದನ್ನು ನೋಡುತ್ತಲೇ ನಾನು ಮೇಷ್ಟ್ರಗಿರಿ ಮುಗಿಸಿದವನು. ಹೆಸರುಗಳ ಸಂತೆ ಅದು. ಆದರೆ ಆ ಸಂತೆಯಲ್ಲಿ ನಿಜವಾಗಿ ಗುರುತು ಹಿಡಿಯಬೇಕಾದವರು ಕೆಲವರೇ. ಫೋನಿನಲ್ಲಿ ಹೇಳಿದ್ದು ನಿನಗೆ ನೆನಪಿರುವುದಿಲ್ಲ, ಅದಕ್ಕೆ ಬರೆದು ಕಳಿಸುತ್ತಿದ್ದೇನೆ.

• ಮೊದಲು ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಬರಿ. ಪಿಷ್ಟ, ಸೆಲ್ಯುಲೋಸ್‌ಗಳಂಥ ಪಾಲಿಸ್ಯಾಕರೈಡುಗಳಿಗೆ ಘಟಕ ಸಕ್ಕರೆ, ಕೊಂಡಿ ಗ್ಲೈಕೋಸಿಡಿಕ್ ಬಂಧ. ಪ್ರೋಟೀನಿಗೆ ಅಮೈನೋ ಆಮ್ಲ, ಪೆಪ್ಟೈಡ್ ಬಂಧ. ಡಿಎನ್‌ಎ, ಆರ್‌ಎನ್‌ಎಗಳಿಗೆ ನ್ಯೂಕ್ಲಿಯೋಟೈಡ್, ಫಾಸ್ಫೋಡೈಎಸ್ಟರ್ ಬಂಧ. ಎಣ್ಣೆ, ತುಪ್ಪದಂಥ ಕೊಬ್ಬಿಗೆ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲ, ಎಸ್ಟರ್ ಬಂಧ. ಮಕ್ಕಳು ಘಟಕಗಳನ್ನು ಬಾಯಿಪಾಠ ಮಾಡಿ ಕೊಂಡಿಯನ್ನು ಕೈಬಿಡುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿಂದ.

• ನೀರಿನ ಲೆಕ್ಕ ಕಲಿ. ಎರಡು ಘಟಕ ಸೇರುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಗ್ಲೂಕೋಸಿನ ಅಣುತೂಕ 180, ಎರಡು ಗ್ಲೂಕೋಸ್ ಸೇರಿದರೆ 360 ಆಗಬೇಕಿತ್ತಲ್ಲ? ಮಾಲ್ಟೋಸಿನದು 342. ಹೋದ 18 ನೀರಿನದು. ಜೀರ್ಣವಾಗುವಾಗ ಅದೇ ನೀರು ವಾಪಸು ಸೇರಿ ಕೊಂಡಿ ಕಳಚುತ್ತದೆ. ಈಗ ಇನ್ಸುಲಿನ್ ತಗೋ. ಅದರ ಅಮೈನೋ ಆಮ್ಲಗಳ ಸಾಲನ್ನು ಪೂರ್ತಿ ಓದಿ ತೋರಿಸಿದ್ದಕ್ಕೆ ಫ್ರೆಡ್ರಿಕ್ ಸ್ಯಾಂಗರ್‌ಗೆ 1958ರಲ್ಲಿ ನೊಬೆಲ್ ಬಂತು. ಒಟ್ಟು 51 ಅಮೈನೋ ಆಮ್ಲ. ಪೆಪ್ಟೈಡ್ ಬಂಧ ಎಷ್ಟು? ಥಟ್ಟನೆ 50 ಅಂದೀಯ. ಅಲ್ಲ, 49. ಅದು 21 ಮತ್ತು 30ರ ಎರಡು ಸರಪಳಿ, ಒಂದರಲ್ಲಿ 20 ಕೊಂಡಿ, ಇನ್ನೊಂದರಲ್ಲಿ 29. ಸರಪಳಿಗಳೆರಡನ್ನೂ ಹಿಡಿದಿರುವುದು ಗಂಧಕದ ಕೊಂಡಿಗಳು, ಅವು ಪೆಪ್ಟೈಡ್ ಬಂಧವಲ್ಲ. ಸರಪಳಿ ಎಷ್ಟು ಎಂದು ಕೇಳದೆ ಕೊಂಡಿ ಎಣಿಸಬೇಡ.

• ಘಟಕ ಒಂದೇ ಆದರೂ ಕೊಂಡಿ ಬೇರೆಯಾದರೆ ಇಡೀ ವಸ್ತುವೇ ಬೇರೆ. ಇದನ್ನು ಮಾತ್ರ ನಿಧಾನವಾಗಿ ಓದು. ಅನ್ನದ ಪಿಷ್ಟವೂ ಗ್ಲೂಕೋಸೇ, ಹತ್ತಿಯ ಸೆಲ್ಯುಲೋಸೂ ಗ್ಲೂಕೋಸೇ. ಪಿಷ್ಟದಲ್ಲಿ ಆಲ್ಫಾ-1,4 ಕೊಂಡಿ, ಕವಲೊಡೆಯುವ ಕಡೆ ಆಲ್ಫಾ-1,6. ಸೆಲ್ಯುಲೋಸಿನಲ್ಲಿ ಬೀಟಾ-1,4. ಆಲ್ಫಾ ಕೊಂಡಿ ಸರಪಳಿಯನ್ನು ಸುರುಳಿ ಸುತ್ತಿಸುತ್ತದೆ. ಬೀಟಾ ಕೊಂಡಿಯ ಸರಪಳಿ ನೇರ ನಿಲ್ಲುತ್ತದೆ, ಪಕ್ಕದ ಸರಪಳಿಗಳಿಗೆ ಒತ್ತಿ ನಾರಾಗುತ್ತದೆ. ನಮ್ಮ ಜೊಲ್ಲಿನ ಅಮೈಲೇಸ್ ಆಲ್ಫಾವನ್ನು ಕತ್ತರಿಸುತ್ತದೆ, ಬೀಟಾದ ಗೊಡವೆಗೆ ಹೋಗುವುದಿಲ್ಲ. ಹಸು ಹುಲ್ಲು ಮೇಯುತ್ತದಲ್ಲ ಅಂತ ಕೇಳಬೇಡ, ಆ ಕೆಲಸ ಹಸುವಿನದಲ್ಲ, ಅದರ ಮೊದಲ ಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳದ್ದು.

• ನಂಬಿಕೆ ಬಾರದಿದ್ದರೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ತೊಟ್ಟನ್ನು ತಣ್ಣಗಿನ ಗಂಜಿಗೆ ಬಿಡು. ಕಡುನೀಲಿ. ಶುದ್ಧ ಹತ್ತಿಯ ಮೇಲೆ ಬಿಡು, ಕಂದು ಕಂದಾಗಿಯೇ ಉಳಿಯುತ್ತದೆ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಹೊಕ್ಕು ಕೂರುವುದರಿಂದ ಆ ನೀಲಿ, ಸುರುಳಿಯೇ ಇಲ್ಲದ ಕಡೆ ಎಲ್ಲಿ ಕೂರಬೇಕು? ನೀಲಿಯಾದ ಗಂಜಿಯನ್ನು ಬಿಸಿಮಾಡಿದರೆ ಬಣ್ಣ ಮಾಯವಾಗಿ, ಆರಿದಾಗ ಮರಳಿ ಬರುವುದನ್ನೂ ನೋಡು. ನೋಟ್‌ಬುಕ್ಕಿನ ಹಾಳೆಯ ಮೇಲೆ ಮಾತ್ರ ಪರೀಕ್ಷಿಸಬೇಡ. ಅದಕ್ಕೆ ಕಾರ್ಖಾನೆಯಲ್ಲೇ ಪಿಷ್ಟ ಸವರಿರುತ್ತಾರೆ, ಸೆಲ್ಯುಲೋಸಿಗೂ ನೀಲಿ ಬರುತ್ತದೆಂದು ದಾರಿ ತಪ್ಪುತ್ತೀಯ.

• 20 ಅಮೈನೋ ಆಮ್ಲಗಳ ರಚನೆಯನ್ನು ಒಂದೇ ರಾತ್ರಿ ನುಂಗಲು ಹೋಗಬೇಡ. ಎಲ್ಲಕ್ಕೂ ಬೆನ್ನು ಒಂದೇ, ಪಕ್ಕದ ಗುಂಪು ಮಾತ್ರ ಬೇರೆ. ಅತಿ ಚಿಕ್ಕದು ಗ್ಲೈಸೀನ್. ಆಮ್ಲಗುಣಕ್ಕೆ ಗ್ಲುಟಾಮಿಕ್ ಆಮ್ಲ, ಪ್ರತ್ಯಾಮ್ಲಕ್ಕೆ ಲೈಸೀನ್, ಗಂಧಕವಿರುವವು ಸಿಸ್ಟೀನ್ ಮತ್ತು ಮೆಥಿಯೋನಿನ್, ಉಂಗುರವಿರುವವು ಟೈರೋಸಿನ್, ಟ್ರಿಪ್ಟೋಫ್ಯಾನ್. ಸದ್ಯಕ್ಕೆ ಇಷ್ಟು ಸಾಕು.

• ಈ ಪೈಕಿ 9 ನಮ್ಮ ದೇಹ ಮಾಡಿಕೊಳ್ಳಲಾರದವು, ಊಟದಿಂದಲೇ ಬರಬೇಕು. ಧಾನ್ಯಗಳಲ್ಲಿ ಲೈಸೀನ್ ಕೊರತೆ, ಕಾಳುಗಳಲ್ಲಿ ಮೆಥಿಯೋನಿನ್ ಕೊರತೆ. ರಾಗಿಮುದ್ದೆಗೆ ಹುರುಳಿಕಾಳಿನ ಸಾರು ಬಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಸ್ಟೆಲಿನಲ್ಲಿ ಬರೀ ಚಿತ್ರಾನ್ನ ತಿಂದು ಡಬ್ಬದ ಪ್ರೋಟೀನ್ ಪುಡಿಗೆ ದುಡ್ಡು ಕೇಳಬೇಡ, ಕೊಡುವುದಿಲ್ಲ.

• ಬೇಯುವುದಕ್ಕೂ ಜೀರ್ಣವಾಗುವುದಕ್ಕೂ ಗೊಂದಲ ಮಾಡಿಕೊಳ್ಳಬೇಡ. ಮೊಟ್ಟೆ ಬೆಂದಾಗ ಬಿಳಿಭಾಗ ಗಟ್ಟಿಯಾಗುತ್ತದಲ್ಲ, ಆಗ ಪ್ರೋಟೀನಿನ ಮಡಿಕೆ ಬಿಚ್ಚಿಕೊಂಡು ಸರಪಳಿಗಳು ಒಂದಕ್ಕೊಂದು ತೊಡಕಿಕೊಂಡಿರುತ್ತವೆ, ಅಷ್ಟೇ. ಪೆಪ್ಟೈಡ್ ಕೊಂಡಿ ಒಂದೂ ಕಳಚಿರುವುದಿಲ್ಲ. ಅದು ಕಳಚುವುದು ಹೊಟ್ಟೆಯಲ್ಲಿ ಪೆಪ್ಸಿನ್, ಕರುಳಲ್ಲಿ ಟ್ರಿಪ್ಸಿನ್ ಕೈಹಾಕಿದ ಮೇಲೆ.

• ಜಿ.ಎನ್. ರಾಮಚಂದ್ರನ್ ಹೆಸರನ್ನು ಬರೀ ಒಂದು ಅಂಕದ ಪ್ರಶ್ನೆಯೆಂದು ಓದಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ಪಳಗಿ, ಮದರಾಸಿಗೆ ಹೋಗಿ, 1954ರಲ್ಲಿ ಗೋಪಿನಾಥ ಕರ್ತಾ ಜೊತೆ ಕೊಲಾಜೆನ್ ಮೂರೆಳೆಯ ಹೆಣಿಗೆಯೆಂದು ಹೇಳಿದವರು. ಅವರ ಹೆಸರಿನ ನಕ್ಷೆ ಬಂದದ್ದು 1963ರಲ್ಲಿ. ಮುಂದೆ ಮತ್ತೆ ಬೆಂಗಳೂರಿಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಕೊಲಾಜೆನ್‌ನಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನೇ ಏಕೆ ಎಂದು ಯೋಚಿಸು. ಮೂರೆಳೆ ಸೇರುವ ನಡುವಿನ ಸಂದಿಯಲ್ಲಿ ಬೇರೆ ಯಾರಿಗೂ ಜಾಗವಿಲ್ಲ. ಅಂದಹಾಗೆ ನಿನ್ನ ಚಿಕ್ಕಮ್ಮ ಕುಡಿಯುವ ಕೊಲಾಜೆನ್ ಪುಡಿ ನೆಟ್ಟಗೆ ಚರ್ಮಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ. ಕರುಳಲ್ಲಿ ಅದು ಅಮೈನೋ ಆಮ್ಲ, ಪುಟ್ಟ ಪೆಪ್ಟೈಡುಗಳಾಗಿ ಒಡೆದೇ ಒಳಗೆ ಹೋಗುವುದು. ಇದನ್ನು ಅವಳಿಗೆ ನೀನೇ ಹೇಳು, ನಾನು ಹೇಳಿ ಬೈಸಿಕೊಳ್ಳಲಾರೆ.

• ಲಿಪಿಡ್ ಈ ಪಟ್ಟಿಯಲ್ಲಿ ಬಾಡಿಗೆಗೆ ಕೂತ ಗಿರಾಕಿ. ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ ಸೇರಿದರೆ ಮುಗಿಯಿತು, ನಾಲ್ಕನೆಯದಕ್ಕೆ ಜಾಗವಿಲ್ಲ, ಸರಪಳಿ ಬೆಳೆಯುವುದಿಲ್ಲ. ಹಾಗಾದರೆ ಬೃಹದಣುಗಳ ಜೊತೆ ಏಕೆ ಸಿಗುತ್ತದೆ? ಅಂಗಾಂಶವನ್ನು ಟ್ರೈಕ್ಲೋರೋಅಸಿಟಿಕ್ ಆಮ್ಲದಲ್ಲಿ ಅರೆದು ಸೋಸಿದಾಗ ಕೋಶಪೊರೆಯ ಚೂರುಗಳು ಪುಟ್ಟ ಚೀಲಗಳಾಗಿ ಮುಚ್ಚಿಕೊಂಡು ಕರಗದೆ ಬಟ್ಟೆಯ ಮೇಲೇ ಉಳಿಯುತ್ತವೆ. ಲಿಪಿಡ್ ಅವುಗಳ ಜೊತೆ ಉಳಿಯುತ್ತದೆ. ನೀಟ್‌ನವರಿಗೆ ಈ ಪ್ರಶ್ನೆಯೆಂದರೆ ಪ್ರಾಣ.

• ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ, ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇದ್ದರೆ ಪುಸ್ತಕ ತೆಗೆ. ಕೊಬ್ಬರಿಯ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ದ್ವಿಬಂಧವಿಲ್ಲದವು, ಒತ್ತೊತ್ತಾಗಿ ಕೂರುತ್ತವೆ. ಕಡಲೆಕಾಯಿಯ ಓಲಿಕ್ ಆಮ್ಲಕ್ಕೆ ದ್ವಿಬಂಧದಲ್ಲಿ ಒಂದು ಬಾಗು. ಎಣ್ಣೆ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದೊಡ್ಡದಾಗಿ ಬರೆದಿದ್ದರೆ ಹೆಚ್ಚು ದುಡ್ಡು ಕೊಡಬೇಡ, ಗಿಡದ ಎಣ್ಣೆ ಯಾವುದರಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ.

• ಡಿಎನ್‌ಎಗೆ ಬಂದಾಗ: ಸಕ್ಕರೆ ಮತ್ತು ಪ್ರತ್ಯಾಮ್ಲ ಮಾತ್ರ ಇದ್ದರೆ ನ್ಯೂಕ್ಲಿಯೋಸೈಡ್, ಫಾಸ್ಫೇಟ್ ಸೇರಿದರೆ ನ್ಯೂಕ್ಲಿಯೋಟೈಡ್. ಎ ಎದುರು ಟಿ, ಎರಡು ಹೈಡ್ರೋಜನ್ ಬಂಧ. ಜಿ ಎದುರು ಸಿ, ಮೂರು. ಎ 30% ಇದ್ದರೆ ಜಿ 20%. ಈ ಲೆಕ್ಕ ಎರಡೆಳೆಯ ಡಿಎನ್‌ಎಗೆ ಮಾತ್ರ, ಒಂಟಿ ಎಳೆಯ ಆರ್‌ಎನ್‌ಎಗೆ ಹಾಕಿ ಅಂಕ ಕಳೆದುಕೊಳ್ಳಬೇಡ.

• ಒಂದು ಅಕ್ಷರ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಕುಡುಗೋಲು ಕಣ ರೋಗ ಓದು. ಹಿಮೋಗ್ಲೋಬಿನ್ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್. 1956ರಲ್ಲಿ ವರ್ನನ್ ಇಂಗ್ರಾಮ್ ಇದರ ಜಾಡು ಹಿಡಿದರು. ಜೀನಿನಲ್ಲಿ ಆದದ್ದು ಜಿಎಜಿ ಹೋಗಿ ಜಿಟಿಜಿ, ಅಷ್ಟೇ. ಭಾರತದಲ್ಲಿ ಈ ರೋಗಗುಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ.

• ‘ಎಲ್ಲ ಕಿಣ್ವಗಳೂ ಪ್ರೋಟೀನ್’ ಎಂದು ಕೊಟ್ಟರೆ ತಪ್ಪು ಎಂದು ಹಾಕು, ಆರ್‌ಎನ್‌ಎ ಕಿಣ್ವಗಳಿವೆ. ಪ್ರಾಣಿಗಳಲ್ಲಿ ಅತಿ ಹೆಚ್ಚಿರುವ ಪ್ರೋಟೀನ್ ಕೊಲಾಜೆನ್, ಇಡೀ ಜೀವಗೋಳದಲ್ಲಿ ರುಬಿಸ್ಕೋ. ಪ್ರಶ್ನೆಯನ್ನು ಎರಡು ಸಲ ಓದು.

• ರಜೆಗೆ ಬಂದಾಗ ಡಿಎನ್‌ಎ ತೆಗೆಯೋಣ. ಕಳಿತ ಬಾಳೆಹಣ್ಣು ಕಿವುಚಿ, ಉಪ್ಪು ನೀರು ಮತ್ತು ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಹತ್ತು ನಿಮಿಷ ಬಿಟ್ಟು ಸೋಸು. ಸೋಪು ಪೊರೆಯ ಲಿಪಿಡ್ ಕೀಳುತ್ತದೆ. ಫ್ರಿಜ್ಜಿನಲ್ಲಿಟ್ಟ ಸರ್ಜಿಕಲ್ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಸಿದರೆ ಎರಡು ಪದರದ ನಡುವೆ ಬಿಳಿ ಎಳೆ ಏಳುತ್ತದೆ, ಕಡ್ಡಿಗೆ ಸುತ್ತಿ ಎತ್ತಬಹುದು. ಪೂರಾ ಡಿಎನ್‌ಎ ಅದಲ್ಲ, ಪೆಕ್ಟಿನ್, ಪ್ರೋಟೀನ್ ಕೂಡ ಸೇರಿರುತ್ತದೆ, ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರಿ. ಸ್ಪಿರಿಟ್ ಬಾಟಲಿ ಬಿಚ್ಚಿದಾಗ ಒಲೆ ಆರಿರಬೇಕು. ಅಜ್ಜಿಯ ಕಾಫಿ ಲೋಟ ಮುಟ್ಟಬೇಡ, ಬೇರೆ ಲೋಟ ತಾ.