ಮೋಟಾರ್ ಸೈಕಲನ್ನು ತಗ್ಗಿಸುವ ಲೆಕ್ಕ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ನಮ್ಮ ಹಿರಿಯರ ಗಾದೆ. ಕಾಲು ಇದ್ದಷ್ಟಕ್ಕೆ ಹಾಸಿಗೆಯನ್ನೇ ಕತ್ತರಿಸಿಕೊಳ್ಳಬಹುದೆಂಬ ಯೋಚನೆ ಅವರಿಗೆ ಬಂದಿರಲಾರದು. ಆದರೆ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಇದು ಈಗ ನಿತ್ಯ ನಡೆಯುವ ಕೆಲಸ. ಕೊಂಡ ವಾಹನ ಎತ್ತರವಾಯಿತೆಂದು ತಗ್ಗಿಸಿಕೊಳ್ಳುವವರು ಕೆಲವರು; ನೆಲಕ್ಕೆ ಹತ್ತಿರವಿದ್ದರೆ ನೋಟ ಚೆನ್ನೆಂದು ತಗ್ಗಿಸಿಕೊಳ್ಳುವವರು ಹಲವರು. ಇಬ್ಬರೂ ಗ್ಯಾರೇಜಿಗೆ ಬಂದು ಕೇಳುವ ಮಾತು ಒಂದೇ: "ಸ್ವಲ್ಪ ಇಳಿಸಿಕೊಡಿ." ಆ 'ಸ್ವಲ್ಪ'ವೆಂದರೆ ಎಷ್ಟು, ಅದನ್ನು ಎಲ್ಲಿಂದ ತೆಗೆಯಬೇಕು, ತೆಗೆದುದಕ್ಕೆ ತೆರಬೇಕಾದ ಬೆಲೆ ಏನು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಸೋದರಮಾವನವರು ಗ್ಯಾರೇಜು ನಡೆಸುತ್ತಾರೆ. ರಜೆಯ ದಿನಗಳಲ್ಲಿ ಅವರ ಕೈಗೆ ಸ್ಪ್ಯಾನರು ಕೊಡುವ ಕೆಲಸ ನನ್ನದು. ಅಲ್ಲಿ ಕಣ್ಣಿಂದ ಕಂಡುದನ್ನು ಪ್ರೌಢಶಾಲೆಯಲ್ಲಿ ಕಲಿತ ಗಣಿತಕ್ಕೆ ಹೊಂದಿಸಿ ನೋಡಿದ್ದೇನೆ, ಅಷ್ಟೆ.

ಮೊದಲು 'ಕ್ರೂಸರ್' ಎಂದರೇನೆಂಬುದನ್ನು ನೋಡೋಣ. ಆಸನ ತಗ್ಗಾಗಿ, ಹಿಡಿಕೆ ಎತ್ತರವಾಗಿ, ಕಾಲಿಡುವ ಜಾಗ ಮುಂದಕ್ಕಿದ್ದು, ಸವಾರನು ಬೆನ್ನು ನೆಟ್ಟಗಿಟ್ಟು ಹಾಯಾಗಿ ದೂರ ಸಾಗಲು ಅನುಕೂಲವಾದ ಮೋಟಾರ್ ಸೈಕಲ್ಲಿಗೆ ಆ ಹೆಸರು. ಇದರ ತವರು ಅಮೆರಿಕ. ಮಿಲ್ವಾಕೀ ನಗರದಲ್ಲಿ ೧೯೦೩ರಲ್ಲಿ ಆರಂಭವಾದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ದೊಡ್ಡ ವಾಹನಗಳ ಚರಿತ್ರೆಯನ್ನು ನೋಡಿದರೆ ಸಸ್ಪೆನ್ಷನ್ನಿನ ಚರಿತ್ರೆಯೂ ತಿಳಿಯುತ್ತದೆ. ಕೊಳವೆಯೊಳಗೆ ಕೊಳವೆ ಜಾರುವ, ಎಣ್ಣೆ ತುಂಬಿದ ಮುಂದಿನ ಫೋರ್ಕು ಅವಕ್ಕೆ ಬಂದದ್ದು ೧೯೪೯ರ 'ಹೈಡ್ರಾ ಗ್ಲೈಡ್' ವಾಹನದಲ್ಲಿ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ದೊರೆತದ್ದು ೧೯೫೮ರ 'ಡ್ಯುಯೋ ಗ್ಲೈಡ್'ನಲ್ಲಿ. ಅಲ್ಲಿಯವರೆಗೆ ಹಿಂಬದಿಯ ಕುಲುಕಾಟವನ್ನೆಲ್ಲ ಆಸನದ ಕೆಳಗಿನ ಸ್ಪ್ರಿಂಗೂ ಸವಾರನ ಬೆನ್ನೂ ಹಂಚಿಕೊಳ್ಳಬೇಕಾಗಿತ್ತು. ಸಸ್ಪೆನ್ಷನ್ ಬಂದಮೇಲೆ ಬೆನ್ನಿಗೆ ಸುಖವಾಯಿತು. ಆದರೆ ಹಳೆಯ ವಾಹನಗಳ ತಗ್ಗಾದ, ನೀಳವಾದ ರೂಪಕ್ಕೆ ಮನಸೋತವರು ಅದನ್ನು ಮರೆಯಲಿಲ್ಲ. ೧೯೭೭ರಲ್ಲಿ ಬಂದ 'ಲೋ ರೈಡರ್' ತನ್ನ ತಗ್ಗನ್ನೇ ಹೆಸರಾಗಿ ಇಟ್ಟುಕೊಂಡಿತು. ನಮ್ಮ ದೇಶದಲ್ಲಿಯೂ ೨೦೦೧ರ 'ಎಲಿಮಿನೇಟರ್', ೨೦೦೫ರ 'ಅವೆಂಜರ್', ೨೦೨೦ರ 'ಮೀಟಿಯರ್ ೩೫೦' ಮೊದಲಾದವುಗಳಿಂದ ಈ ಜಾತಿಯ ವಾಹನಗಳು ಊರೂರಿಗೆ ಬಂದಿವೆ.

ಇನ್ನು ಸಸ್ಪೆನ್ಷನ್ನಿನ ಕೆಲಸವೇನು? ಚಕ್ರವು ರಸ್ತೆಯ ಏರುತಗ್ಗುಗಳನ್ನು ಅನುಸರಿಸಬೇಕು; ಮೇಲಿನ ದೇಹ ಅನುಸರಿಸಬಾರದು. ಇದಕ್ಕಾಗಿ ನಡುವೆ ಸ್ಪ್ರಿಂಗನ್ನಿಟ್ಟಿರುತ್ತಾರೆ. ಸ್ಪ್ರಿಂಗು ಒಂದೇ ಇದ್ದರೆ ವಾಹನ ಉಯ್ಯಾಲೆಯಂತೆ ಕುಣಿಯುತ್ತಲೇ ಇರುವುದರಿಂದ, ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ಹಾಯಿಸಿ ಆ ಕುಣಿತವನ್ನು ಅಡಗಿಸುವ ಏರ್ಪಾಡೂ ಜೊತೆಗಿರುತ್ತದೆ. ಚಕ್ರವು ಮೇಲಕ್ಕೆ ಚಲಿಸಬಹುದಾದ ದೂರವೇ ಸವಾರನಿಗೆ ದೊರೆತ ಬಂಡವಾಳ. ತಗ್ಗಿಸುವಾಗ ನಾವು ಕೈಹಾಕುವುದು ಸಾಮಾನ್ಯವಾಗಿ ಈ ಬಂಡವಾಳಕ್ಕೆ.

ಇದನ್ನು ಲೆಕ್ಕದಿಂದ ತೋರಿಸಬಹುದು. ಸ್ಪ್ರಿಂಗು ನುಂಗುವ ಶಕ್ತಿಯು ಅದರ ಗಡಸುತನದ ಅರ್ಧವನ್ನು ಕುಗ್ಗಿದ ದೂರದ ವರ್ಗದಿಂದ ಗುಣಿಸಿದಷ್ಟು. ಒಂದು ಗುಂಡಿಯ ಹೊಡೆತವನ್ನು ೧೨ ಸೆಂಟಿಮೀಟರ್ ಕುಗ್ಗಿ ನುಂಗುತ್ತಿದ್ದ ಸ್ಪ್ರಿಂಗಿಗೆ ಈಗ ೮ ಸೆಂಟಿಮೀಟರ್ ಮಾತ್ರ ಉಳಿದಿದೆ ಎನ್ನೋಣ. ಅಷ್ಟೇ ಶಕ್ತಿಯನ್ನು ನುಂಗಬೇಕಾದರೆ ಅದರ ಗಡಸುತನ ಎರಡೂ ಕಾಲು ಪಟ್ಟು ಆಗಬೇಕು. ಆಗ ಸವಾರನ ಬೆನ್ನಿಗೆ ತಲುಪುವ ಅತಿ ಹೆಚ್ಚಿನ ಬಲ ಒಂದೂವರೆ ಪಟ್ಟು ಆಗುತ್ತದೆ. ಎಣ್ಣೆಯ ಪಾಲನ್ನು ಇಲ್ಲಿ ಬಿಟ್ಟಿದ್ದೇನೆ. ಆದರೂ ದಿಕ್ಕು ಸ್ಪಷ್ಟವಾಗಿದೆ. ಗಡಸುತನ ಹೆಚ್ಚಿಸದೆ ಎತ್ತರವನ್ನಷ್ಟೇ ಇಳಿಸಿದರೋ, ಸ್ಪ್ರಿಂಗು ಪೂರ್ತಿ ಕುಗ್ಗಿ ಲೋಹಕ್ಕೆ ಲೋಹ ಬಡಿಯುತ್ತದೆ.

ತಗ್ಗಿಸುವ ಮಾರ್ಗಗಳು ಹಲವು. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನು ತೆಗೆದು ಗಿಡ್ಡವಾದವುಗಳನ್ನು ಹಾಕುವುದು ಒಂದು. ಇವು ಸಾಮಾನ್ಯವಾಗಿ ಓರೆಯಾಗಿ ನಿಂತಿರುವುದರಿಂದ, ಅವುಗಳ ಉದ್ದದಲ್ಲಿ ೨ ಸೆಂಟಿಮೀಟರ್ ತೆಗೆದರೆ ಹಿಂಬದಿ ೨ಕ್ಕಿಂತ ಹೆಚ್ಚೇ ತಗ್ಗುತ್ತದೆ ಎಂಬುದನ್ನು ನೆನಪಿಡಬೇಕು. ಎರಡನೆಯದು, ಅವುಗಳ ಕೆಳತುದಿಯ ಜಾಗವನ್ನು ಪಟ್ಟಿಯ ತುಂಡಿನಿಂದ ಬದಲಿಸಿ ಓರೆಯನ್ನು ಹೆಚ್ಚಿಸುವುದು; ಇದರಿಂದ ಇದ್ದ ಸ್ಪ್ರಿಂಗೇ ಮೆದುವಾದಂತಾಗಿ ಬೇಗ ತಳ ಮುಟ್ಟುತ್ತದೆ. ಮುಂಬದಿಯಲ್ಲಿ ಫೋರ್ಕಿನ ಕೊಳವೆಗಳನ್ನು ಅವನ್ನು ಹಿಡಿದಿರುವ ಪಟ್ಟಿಯೊಳಗೆ ಮೇಲಕ್ಕೆ ಜಾರಿಸುವುದುಂಟು. ಗಿಡ್ಡ ಸ್ಪ್ರಿಂಗು ಹಾಕುವುದೂ ಉಂಟು. ಇವೆಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಕೆಟ್ಟದಾದ ಮಾರ್ಗವೆಂದರೆ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿಹಾಕುವುದು. ಸುತ್ತು ಕಡಮೆಯಾದ ಸ್ಪ್ರಿಂಗು ಗಡಸಾಗುತ್ತದೆ. ಕತ್ತರಿಸಿದ ತುದಿ ಸಮತಟ್ಟಾಗಿ ಕೂರದೆ ವಾಲುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಹಾರ್ಲೆಯವರ 'ಸಾಫ್ಟೇಲ್' ಎಂಬ ವಾಹನಗಳಲ್ಲಿ ೧೯೮೪ರಿಂದ ೨೦೧೭ರವರೆಗೆ ಶಾಕ್ ಅಬ್ಸಾರ್ಬರುಗಳನ್ನು ಹೊಟ್ಟೆಯ ಕೆಳಗೆ ಅಡ್ಡಲಾಗಿ ಮಲಗಿಸಿ ಬಚ್ಚಿಟ್ಟಿದ್ದರು. ಚಕ್ರ ಮೇಲೆದ್ದಾಗ ಅವು ಕುಗ್ಗುವ ಬದಲು ಹಿಗ್ಗುತ್ತಿದ್ದುವು. ಆದ್ದರಿಂದ ಬೇರೆ ವಾಹನವನ್ನು ತಗ್ಗಿಸಲು ಅವನ್ನು ಗಿಡ್ಡ ಮಾಡಬೇಕಾದರೆ, ಇದನ್ನು ತಗ್ಗಿಸಲು ಉದ್ದ ಮಾಡಬೇಕಾಗುತ್ತಿತ್ತು. ಒಂದು ವಾಹನದ ಉಪಾಯವನ್ನು ಕಣ್ಣು ಮುಚ್ಚಿ ಇನ್ನೊಂದಕ್ಕೆ ಹಚ್ಚಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಿಂಬದಿಯನ್ನು ಮಾತ್ರ ಇಳಿಸಿ ಮುಂಬದಿಯನ್ನು ಹಾಗೆಯೇ ಬಿಡುವವರು ಬಹಳ. ಅದರ ಪರಿಣಾಮವನ್ನು ನೋಡೋಣ. ಎರಡು ಚಕ್ರಗಳ ನಡುವಿನ ಅಂತರ ಮೀಟಿಯರ್ ೩೫೦ರಲ್ಲಿ ಇರುವಂತೆ ೧೪೦ ಸೆಂಟಿಮೀಟರ್ ಎಂದಿಟ್ಟುಕೊಂಡು ಹಿಂಬದಿಯನ್ನು ೪ ಸೆಂಟಿಮೀಟರ್ ಇಳಿಸಿದರೆ ಇಡೀ ವಾಹನ ಸುಮಾರು ೧.೬ ಡಿಗ್ರಿ ಹಿಂದಕ್ಕೆ ವಾಲುತ್ತದೆ. ಆಸನವು ಎರಡು ಚಕ್ರಗಳ ನಡುವೆ ಇರುವುದರಿಂದ ಅದು ಪೂರ್ತಿ ೪ ಸೆಂಟಿಮೀಟರ್ ಇಳಿಯುವುದಿಲ್ಲ. ಆದರೆ ಫೋರ್ಕಿನ ಓರೆ ಮಾತ್ರ ಅಷ್ಟೂ ಹೆಚ್ಚುತ್ತದೆ. ಹಿಡಿಕೆ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಅಂತರಕ್ಕೆ 'ಟ್ರೇಲ್' ಎಂದು ಹೆಸರು. ಮೇಲಿನ ಲೆಕ್ಕದಲ್ಲಿ ಅದು ಸುಮಾರು ೧ ಸೆಂಟಿಮೀಟರ್ ಹೆಚ್ಚುತ್ತದೆ. ಟ್ರೇಲ್ ಹೆಚ್ಚಿದರೆ ನೇರ ರಸ್ತೆಯಲ್ಲಿ ವಾಹನ ಸ್ಥಿರವಾಗಿ ಸಾಗುತ್ತದೆ, ತಿರುವಿನಲ್ಲಿ ಮೊಂಡುತನ ತೋರುತ್ತದೆ. ಮುಂಬದಿಯನ್ನು ಮಾತ್ರ ಇಳಿಸಿದರೆ ಇದಕ್ಕೆ ವಿರುದ್ಧ: ತಿರುಗುವುದು ಸುಲಭ, ವೇಗದಲ್ಲಿ ಹಿಡಿಕೆ ಚಂಚಲ. ಇಳಿಸಲೇಬೇಕಾದರೆ ಎರಡನ್ನೂ ಸಮನಾಗಿ ಇಳಿಸಬೇಕು ಎಂಬ ಮಾತಿನ ಮರ್ಮ ಇದು.

ಎರಡನ್ನೂ ಸಮನಾಗಿ ಇಳಿಸಿದರೂ ತಿರುವಿನ ತೊಂದರೆ ಪೂರ್ತಿ ತೀರುವುದಿಲ್ಲ. ಮೋಟಾರ್ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲಲೇಬೇಕು. ಕಾಲಿಡುವ ಕಂಬಿಯ ತುದಿ ವಾಹನದ ನಡುಗೆರೆಯಿಂದ ೪೦ ಸೆಂಟಿಮೀಟರ್ ಹೊರಗೂ ನೆಲದಿಂದ ೨೮ ಸೆಂಟಿಮೀಟರ್ ಮೇಲೂ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸುಮಾರು ೩೫ ಡಿಗ್ರಿ ವಾಲುವವರೆಗೆ ಅದು ನೆಲ ಮುಟ್ಟುವುದಿಲ್ಲ. ೫ ಸೆಂಟಿಮೀಟರ್ ಇಳಿಸಿದರೆ ೩೦ ಡಿಗ್ರಿಗೇ ಮುಟ್ಟುತ್ತದೆ. ೫೦ ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯದರ ಎಲ್ಲೆ ಗಂಟೆಗೆ ಸುಮಾರು ೬೭ ಕಿಲೋಮೀಟರ್, ಎರಡನೆಯದರ ಎಲ್ಲೆ ಸುಮಾರು ೬೦. ಘಟ್ಟದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಇನ್ನಷ್ಟು ಒಳಕ್ಕೆ ವಾಲಬೇಕಾದ ಸವಾರನಿಗೆ ಈ ೫ ಡಿಗ್ರಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ರಸ್ತೆಯ ಉಬ್ಬುಗಳ ಮಾತು ಇದಕ್ಕಿಂತ ಮುಖ್ಯ. ಮೀಟಿಯರ್ ೩೫೦ರ ಹೊಟ್ಟೆ ನೆಲದಿಂದ ೧೭ ಸೆಂಟಿಮೀಟರ್ ಎತ್ತರದಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ೧೯೮೮ರ ಸೂಚನೆಗಳಲ್ಲಿ ಹೇಳಿದ ಉಬ್ಬು ೧೦ ಸೆಂಟಿಮೀಟರ್ ಎತ್ತರ, ೩.೭ ಮೀಟರ್ ಅಗಲ, ೧೭ ಮೀಟರ್ ತ್ರಿಜ್ಯದ ಕಮಾನು. ಇಂಥ ಉಬ್ಬಿನ ನೆತ್ತಿಯ ಮೇಲೆ ಈ ವಾಹನ ನಿಂತಾಗ ಎರಡೂ ಚಕ್ರಗಳು ಉಬ್ಬಿನ ಮೇಲೆಯೇ ಇರುವುದರಿಂದ, ಹೊಟ್ಟೆಯ ಕಡೆಗೆ ನೆಲ ಏರಿ ಬರುವುದು ಕೇವಲ ಒಂದೂವರೆ ಸೆಂಟಿಮೀಟರಿನಷ್ಟು. ಅದೇ ಹಳ್ಳಿಯ ಬೀದಿಯಲ್ಲಿ ಜನರು ತಾವೇ ಕಲ್ಲು ಮಣ್ಣು ಸೇರಿಸಿ ಕಟ್ಟಿದ ೧೨ ಸೆಂಟಿಮೀಟರ್ ಎತ್ತರದ ಕಿರಿದಾದ ಏರಿಯಾದರೆ, ಎರಡು ಚಕ್ರಗಳ ನಡುವೆ ಆ ೧೨ ಸೆಂಟಿಮೀಟರೂ ನುಗ್ಗುತ್ತದೆ. ವಾಹನವನ್ನು ೪ ಸೆಂಟಿಮೀಟರ್ ಇಳಿಸಿದ್ದು, ಹಿಂದೆ ಇನ್ನೊಬ್ಬರು ಕುಳಿತು ಮತ್ತಷ್ಟು ಕುಗ್ಗಿದ್ದರೆ ಹೊಟ್ಟೆ ಉಜ್ಜುವುದು ನಿಶ್ಚಯ. ಸೂಚನೆಯಂತೆ ಕಟ್ಟಿದ ಉಬ್ಬು ತಗ್ಗಿದ ವಾಹನವನ್ನೂ ಕ್ಷಮಿಸುತ್ತದೆ. ಮನೆಯ ಮುಂದಿನ ಉಬ್ಬು ಕ್ಷಮಿಸುವುದಿಲ್ಲ.

ಇವಲ್ಲದೆ ಸಣ್ಣ ಸಾಲಗಳೂ ಇವೆ. ವಾಹನ ತಗ್ಗಿದಾಗ ಪಕ್ಕದ ಸ್ಟ್ಯಾಂಡು ಉದ್ದವಾದಂತಾಗಿ ವಾಹನ ನೆಟ್ಟಗೆ ನಿಂತು ಆಚೆ ಬದಿಗೆ ಉರುಳಬಹುದು. ನಡುವಿನ ಸ್ಟ್ಯಾಂಡು ಹಾಕಲು ಹೆಚ್ಚು ಬಲ ಬೇಕು. ಚೈನಿನ ಬಿಗಿಯನ್ನು ಹೊಸದಾಗಿ ನೋಡಬೇಕು. ಹಿಂಬದಿ ಮಾತ್ರ ಇಳಿದಿದ್ದರೆ ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಇದನ್ನು ಎತ್ತಿ ಹಿಡಿದಿದೆ. ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಲೇಸು.

ಹಾಗಾದರೆ ಗಿಡ್ಡನೆಯವರು ಕ್ರೂಸರ್ ಹತ್ತಲೇಬಾರದೆ? ಹಾಗಲ್ಲ. ೧೯೦ ಕಿಲೋಗ್ರಾಂ ತೂಕದ ವಾಹನವನ್ನು ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕದಿದ್ದರೆ ಆಗುವ ಭಯ ಎತ್ತರದವರಿಗೆ ತಿಳಿಯುವಂಥದಲ್ಲ. ಕಳೆದ ವರ್ಷ ಹಳ್ಳಿಹಳ್ಳಿಗೆ ತಿರುಗುವ ದಾದಿಯೊಬ್ಬರು ನಮ್ಮ ಮಾವನವರ ಬಳಿಗೆ ಬಂದರು. ಕೆಲಸಕ್ಕಾಗಿ ಊರು ಬಿಟ್ಟ ತಮ್ಮನ ಕ್ರೂಸರ್ ಮನೆಯಲ್ಲಿ ನಿಂತಿತ್ತು. ಬಸ್ಸಿಲ್ಲದ ಊರುಗಳಿಗೆ ಅದರಲ್ಲಿ ಹೋಗಬೇಕೆಂಬುದು ಅವರ ಇಚ್ಛೆ. "ಅಣ್ಣಾ, ನಾಲ್ಕು ಬೆರಳು ಇಳಿಸಿಕೊಡಿ" ಎಂದರು. ಮಾವನವರು ಅವರನ್ನು ದಿನವೂ ಹಾಕುವ ಚಪ್ಪಲಿಯಲ್ಲೇ ವಾಹನದ ಮೇಲೆ ಕೂರಿಸಿ, ಹಿಮ್ಮಡಿಗೂ ನೆಲಕ್ಕೂ ನಡುವೆ ಸ್ಕೇಲು ಇಟ್ಟು ನೋಡಿದರು. ನಾಲ್ಕು ಸೆಂಟಿಮೀಟರ್. "ಅಕ್ಕಾ, ನೀವು ಹೋಗೋ ದಾರೀಲಿ ಗಾಡಿ ಇಳಿಸಿದರೆ ಕಲ್ಲಿಗೆ ಬಡಿಯುತ್ತೆ. ಸೀಟು ಇಳಿಸೋಣ" ಎಂದರು.

ಸೀಟು ಹೊಲಿಯುವವರ ಕೈಯಲ್ಲಿ ಸ್ಪಂಜನ್ನು ಎರಡೂವರೆ ಸೆಂಟಿಮೀಟರ್ ತೆಗೆಸಿ, ತೊಡೆ ತಗಲುವ ಮುಂದಿನ ಅಂಚುಗಳನ್ನು ಕಿರಿದು ಮಾಡಿಸಿದರು. ಆಸನ ಕಿರಿದಾದರೆ ಕಾಲು ಹೊರಕ್ಕೆ ಚಾಚದೆ ನೇರ ಕೆಳಗಿಳಿಯುತ್ತದೆ. ಹಿಂದಿನ ಸ್ಪ್ರಿಂಗಿನ ಬಿಗಿಯನ್ನು ಅವರ ಹಗುರ ಮೈಗೆ ತಕ್ಕಂತೆ ಕಡಮೆ ಮಾಡಿದರು. ದಪ್ಪ ಅಟ್ಟೆಯ ಬೂಟು ಹಾಕುವಂತೆ ಹೇಳಿದರು. ನಿಲ್ಲಿಸುವಾಗ ಎಡಗಾಲೊಂದು ಭದ್ರವಾಗಿ ಊರಿ ಬಲಗಾಲು ಬ್ರೇಕಿನ ಮೇಲಿದ್ದರೆ ಸಾಕೆಂದು ಮೈದಾನದಲ್ಲಿ ಎರಡು ದಿನ ಅಭ್ಯಾಸ ಮಾಡಿಸಿದರು. ಶಾಕ್ ಅಬ್ಸಾರ್ಬರನ್ನು ಬಿಚ್ಚಲೇ ಇಲ್ಲ. ಸ್ಪಂಜು ತೆಳುವಾದದ್ದರಿಂದ ದೂರದ ಪ್ರಯಾಣದಲ್ಲಿ ಸ್ವಲ್ಪ ನೋವುಂಟೆಂದು ಆಮೇಲೆ ಅವರು ಹೇಳಿದರು. ಆದರೆ ವಾಹನದ ಹೊಟ್ಟೆ ಒಮ್ಮೆಯೂ ಬಡಿದಿಲ್ಲವಂತೆ.

ಎತ್ತರವನ್ನು ಎಲ್ಲಿಂದ ತೆಗೆದರೂ ಬೆಲೆ ಇದ್ದೇ ಇದೆ. ಆಸನದಿಂದ ತೆಗೆದರೆ ಆ ಬೆಲೆ ಸುಖದಲ್ಲಿ ಹೋಗುತ್ತದೆ. ಸಸ್ಪೆನ್ಷನ್ನಿನಿಂದ ತೆಗೆದರೆ ಸುರಕ್ಷಿತತೆಯಲ್ಲಿ ಹೋಗುತ್ತದೆ. ಆದ್ದರಿಂದ ಮೊದಲು ಆಸನ, ಆಮೇಲೆ ಬೂಟು ಮತ್ತು ಅಭ್ಯಾಸ, ಇವು ಸಾಲದೆ ಹೋದರೆ ಮಾತ್ರ ಸಸ್ಪೆನ್ಷನ್. ಅದೂ ಮುಂದೆ ಹಿಂದೆ ಸಮನಾಗಿ, ಆ ವಾಹನಕ್ಕೆಂದೇ ಮಾಡಿದ ಭಾಗಗಳಿಂದ, ಬೇಕಾದಷ್ಟಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲದಂತೆ. ನೋಟಕ್ಕಾಗಿ ಇಳಿಸಬೇಕೆನ್ನುವ ಸಹಪಾಠಿಗಳಿಗೂ ನನ್ನ ವಿನಂತಿ ಇಷ್ಟೇ. ಗ್ಯಾರೇಜಿಗೆ ಹೋಗುವ ಮೊದಲು ಹಿಮ್ಮಡಿಯಿಂದ ನೆಲಕ್ಕಿರುವ ಅಂತರ, ಇಬ್ಬರು ಕುಳಿತಾಗ ವಾಹನದ ಹೊಟ್ಟೆಯ ಎತ್ತರ, ನಿಮ್ಮ ಬೀದಿಯ ಅತಿ ಎತ್ತರದ ಉಬ್ಬು, ಈ ಮೂರನ್ನು ಅಳೆದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ನೋಡಿದ ಮೇಲೆ ಎಷ್ಟು ಇಳಿಸಬೇಕೆಂಬುದನ್ನು ಬೇರೊಬ್ಬರು ಹೇಳಬೇಕಾಗುವುದಿಲ್ಲ.