ಸಹಿ ಹಾಕುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ರಸ್ತೆಗಳಲ್ಲಿ ಸಿಮೆಂಟು, ಕಲ್ಲು ಹೊತ್ತ ಲಾರಿಗಳ ಓಡಾಟ ಹೆಚ್ಚು. ಅಲ್ಲಿ ನೀವು ಅಕ್ಕರೆಯಿಂದ ಇಟ್ಟುಕೊಂಡ ಹಳೆಯ ಸ್ಪೋರ್ಟ್ಸ್ ಕಾರು ನಜ್ಜುಗುಜ್ಜಾದರೆ, ವಿಮಾ ಕಂಪನಿ ಹೇಳಿದ ಮೊದಲ ಮೊತ್ತಕ್ಕೇ ಅವಸರದಲ್ಲಿ ಸಹಿ ಹಾಕಬೇಡಿ.

ಚೌಕಾಸಿ ಶುರುವಾಗಬೇಕಾದದ್ದು ಪಾಲಿಸಿ ನವೀಕರಿಸುವ ದಿನವೇ. 5 ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯ, ಅಂದರೆ ಐಡಿವಿ, ನೀವೂ ಕಂಪನಿಯೂ ಒಪ್ಪಿದಂತೆ ನಿಗದಿಯಾಗುತ್ತದೆ. ನಾಲ್ಕು ಕಾಸು ಪ್ರೀಮಿಯಂ ಉಳಿಸಲು ಅದನ್ನು ಇಳಿಸಿದರೆ, ನಾಳೆ ಪರಿಹಾರವೂ ಇಳಿಯುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ನಿಮ್ಮ ಕಂಪನಿಯಿಂದ ಕಾರಿಗೆ ಬಿಡಿಗಾಸೂ ಬಾರದು. ಆಮೇಲೆ ಹಾಕಿಸಿದ ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಂ ಇದ್ದರೆ ಪಾಲಿಸಿಯಲ್ಲಿ ಬರೆಸಿ.

ಅಪಘಾತವಾದರೆ ಮೊದಲು ಜೀವ ನೋಡಿಕೊಳ್ಳಿ. ಬಳಿಕ ಫೋಟೊ ತೆಗೆದು ಕಂಪನಿಗೆ ತಕ್ಷಣ ತಿಳಿಸಿ. ದುರಸ್ತಿ ವೆಚ್ಚ ಐಡಿವಿಯ ಶೇ 75 ದಾಟಿದರೆ ಅದು ಪೂರ್ಣ ನಷ್ಟ. ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ. ಗುಜರಿ ಬೆಲೆ ಎಂದು ಎಷ್ಟು ಕಳೆದಿದ್ದಾರೆ, ಏಕೆ ಎಂದು ವಿಚಾರಿಸಿ.

ತಕರಾರಿದ್ದರೆ ಬಾಯಿಮಾತು ಸಾಲದು, ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಕಲಬುರಗಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ನಿಮ್ಮ ಹಕ್ಕಿನ ಹಣ ಕೇಳಲು ಸಂಕೋಚ ಬೇಡ.